ಕೈಗೆ ಸಿಗುವ ಜಾಗ

ಕತ್ತರಿಯಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎನ್ನುವವರಿಗೆ ಆಕೆಯ ಪರಿಚಯ ಸಾಲದು. ಮೂಗಿನ ತುದಿಯಲ್ಲಿದ್ದರೆ ಕಣ್ಣಿಗಾದರೂ ಕಾಣಿಸುತ್ತಿತ್ತು, ಎದುರಿಗಿದ್ದವರು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಆಕೆಯದು ಯಾವಾಗ ಹೊರಟಿತು ಎಂದು ಗೊತ್ತಾಗುವ ಮೊದಲೇ ಬಂದು ಬಡಿದಿರುತ್ತಿತ್ತು. ಪ್ಯಾಂಟಿನ ಅಳತೆ ಕೊಡಲು ಬಂದ ಗಂಡಸು ಹೊಟ್ಟೆ ಒಳಗೆಳೆದುಕೊಂಡು ನಿಂತರೆ, ಆಕೆ ಟೇಪನ್ನು ಸೊಂಟಕ್ಕೆ ಸುತ್ತಿ ಹಾಗೇ ಹಿಡಿದು ನಿಲ್ಲುತ್ತಿದ್ದಳು. "ಮನೆಗೆ ಹೋಗಿ ಬಿಡೋ ಉಸಿರನ್ನ ಇಲ್ಲೇ ಬಿಡಿ. ಆಮೇಲೆ ಬಿಗಿ ಆಯ್ತು ಅಂತ ನನ್ನ ಪ್ರಾಣ ತಿನ್ನಬೇಡಿ." ಬೈಸಿಕೊಂಡವರೇ ಮತ್ತೆ ಅಲ್ಲಿಗೆ ಬರುತ್ತಿದ್ದರು. ಆಕೆ ಹೊಲಿದ ಪ್ಯಾಂಟು ಅಷ್ಟು ಚೆನ್ನಾಗಿ ಕೂರುತ್ತಿತ್ತು.

ಅಂಗಡಿ ಉದ್ದಕ್ಕೆ, ಇಕ್ಕಟ್ಟಾಗಿತ್ತು. ಮುಂದೆ ಬಟ್ಟೆ ಕತ್ತರಿಸುವ ಮೇಜು, ಗೋಡೆಗೆ ಒತ್ತಿ ಮೂರು ಮಿಷನ್ನುಗಳು, ಮೂಲೆಯಲ್ಲಿ ಇಸ್ತ್ರಿಯ ಹಲಗೆ, ಅದರ ಕೆಳಗೆ ಚೂರು ಬಟ್ಟೆಯ ಮೂಟೆ. ಹಿಂದಿನ ಕೋಣೆಯೇ ಆಕೆಯ ಮನೆ. ಆ ಕೋಣೆಗೆ ಹೋಗುವ ಬಾಗಿಲಿನ ಚೌಕಟ್ಟಿನಲ್ಲಿ, ಗಂಡಸೊಬ್ಬನ ಕಿವಿಯ ಎತ್ತರಕ್ಕೆ, ಒಂದು ಆಳವಾದ ಗಾಯವಿದೆ. ಹೊಸಬರು ಅದನ್ನು ಮೊಳೆ ಕಿತ್ತ ಗುರುತು ಎಂದುಕೊಳ್ಳುತ್ತಾರೆ. ಅದು ಕತ್ತರಿ ನೆಟ್ಟ ಗುರುತು.

ಮದುವೆಯಾದ ಹೊಸತು. ಗಂಡನೂ ದರ್ಜಿ, ಅಂಗಡಿ ಅವನದೇ. ಯಾರದೋ ಕೋಟಿನ ತೋಳು ಗಿಡ್ಡವಾಗಿದ್ದಕ್ಕೆ ತಪ್ಪು ಯಾರದು ಎಂದು ಇಬ್ಬರಿಗೂ ಮಾತು ಬೆಳೆಯಿತು. ಅವನು ನಕ್ಕ. ನಗಬಾರದಿತ್ತು. ಆಕೆಯ ಬಲಗೈ ಮಿಷನ್ನಿನ ಬಲಗಡೆಯ ಡ್ರಾಯರಿಗೆ ಹೋಗಿದ್ದು, ದೊಡ್ಡ ಕತ್ತರಿ ಹಿಡಿದಿದ್ದು, ಎಸೆದಿದ್ದು ಒಂದೂ ಆಕೆಗೆ ನೆನಪಿಲ್ಲ. ನೆನಪಿರುವುದು ಮರಕ್ಕೆ ಕತ್ತರಿ ನಾಟಿದ ಸದ್ದು ಮಾತ್ರ. ಗಂಡ ಬಿಳುಚಿಕೊಂಡು ನಿಂತಿದ್ದ. ಆಮೇಲೆ ಆ ಮಹಾರಾಯ ಕೊರಳಲ್ಲಿದ್ದ ಟೇಪು ತೆಗೆದು, ಕಿವಿಯಿಂದ ಕತ್ತರಿಗೆ ಎಷ್ಟು ದೂರ ಎಂದು ಅಳೆದು, "ಅಳತೆಯಲ್ಲಿ ಯಾವಾಗ್ಲೂ ಹೀಗೇ, ಸ್ವಲ್ಪ ತಪ್ತೀಯ," ಎಂದ. ಆಕೆ ಕುಸಿದು ಕೂತು ಅತ್ತಳು. ಕೋಪಿಷ್ಠೆ ಅತ್ತಿದ್ದನ್ನು ಅವನು ನೋಡಿದ್ದು ಅದೇ ಮೊದಲು.

ಮರುದಿನ ಗಂಡ ಒಂದು ಹಳೆಯ ಬಿಸ್ಕತ್ತಿನ ಡಬ್ಬ ತಂದು ಮೇಜಿನ ಆಚೆ ತುದಿಯಲ್ಲಿಟ್ಟ. ಅಂದಿನಿಂದ ಅಂಗಡಿಗೆ ಒಂದೇ ಕಾನೂನು. ಜಗಳ ಆಡುವವರು ಆಡಲಿ, ಆದರೆ ಮೊದಲು ಕತ್ತರಿ ಡಬ್ಬಕ್ಕೆ ಹಾಕಿ ಬರಬೇಕು. ಮಾತು ಏರುತ್ತಿದೆ ಎನಿಸಿದಾಗ ಯಾರಾದರೊಬ್ಬರು "ಡಬ್ಬ" ಎಂದರೆ ಸಾಕು, ಎಲ್ಲರೂ ಎದ್ದು ಸಾಲಾಗಿ ಹೋಗಿ ಕತ್ತರಿ ಹಾಕಿ ಬಂದು, ಕೂತು, ಆಮೇಲೆ ಬಾಯಿ ತೆರೆಯುತ್ತಿದ್ದರು. ಗಿರಾಕಿಗಳಿಗೆ ಇದು ತಮಾಷೆ. ಅಂಗಡಿಯಲ್ಲಿ ಕಾಜಾ ಹಾಕುವವಳಿಗೂ ಪ್ಯಾಂಟು ಹೊಲಿಯುವವನಿಗೂ ಇದು ಕೆಲಸದ ಒಂದು ಭಾಗ, ದಾರ ಪೋಣಿಸಿದ ಹಾಗೆ. ಎದ್ದು ಹೋಗಿ ಬರುವಷ್ಟರಲ್ಲಿ ಅರ್ಧ ಜಗಳ ಸತ್ತೇ ಹೋಗಿರುತ್ತಿತ್ತು. ಗಂಡ ಕಾಯಿಲೆ ಬಿದ್ದು ತೀರಿಕೊಂಡ ಮೇಲೂ ಡಬ್ಬ ಅದೇ ಜಾಗದಲ್ಲಿ ಉಳಿಯಿತು.

ಅವರಿಗೊಬ್ಬಳೇ ಮಗಳು. ರೂಪ ಅಪ್ಪನದು, ಸಿಟ್ಟು ಅಮ್ಮನದು, ಅದೂ ಒಂದು ಗುಲಗಂಜಿಯಷ್ಟೂ ಕಡಿಮೆಯಿಲ್ಲದೆ. ಮಿಷನ್ನಿನ ಪೆಡಲು ಕಾಲಿಗೆ ಎಟುಕುವ ಮೊದಲೇ ಹೊಲಿಗೆ ಕಲಿತವಳು. ಬಲಗಡೆಯ ಡ್ರಾಯರಿನಲ್ಲಿ ಕತ್ತರಿ, ಅದರ ಪಕ್ಕ ಸೀಮೆಸುಣ್ಣ. ಕಣ್ಣು ಹೊಲಿಗೆಯ ಮೇಲೇ ಇರಬೇಕು, ಕೈ ತಾನಾಗಿ ಹೋಗಿ ತರಬೇಕು ಎಂದು ಅಮ್ಮನೇ ಕಲಿಸಿದ್ದಳು. ಈಗ ಮದುವೆಯಾಗಿ ಎರಡು ಬೀದಿ ಆಚೆ ಮನೆ ಮಾಡಿದ್ದಾಳೆ. ಅಳಿಯ ಪುರಸಭೆಯ ನೀರಿನ ಪಂಪ್‌ಹೌಸಿನಲ್ಲಿ ಕೆಲಸಕ್ಕಿದ್ದಾನೆ, ಹೆಚ್ಚಾಗಿ ರಾತ್ರಿ ಪಾಳಿ. ಮೆತ್ತಗಿನ ಮನುಷ್ಯ. ಹೆಂಡತಿ ಬೈದರೆ ಮಳೆ ನಿಲ್ಲಲಿ ಎಂದು ಕಾಯುವವನ ಹಾಗೆ ಕೂತಿರುತ್ತಾನೆ. ಅವಳಿಗೆ ಅದಕ್ಕೇ ಇನ್ನೂ ಉರಿಯುತ್ತದೆ.

ಇಷ್ಟರಲ್ಲಿ ಊರಿನಲ್ಲಿ ಒಂದು ಕೊಲೆಯಾಯಿತು. ಒಂಟಿಯಾಗಿದ್ದ ನಿವೃತ್ತ ನರ್ಸಮ್ಮನ ಮನೆಗೆ ಹಾಡಹಗಲೇ ಇಬ್ಬರು ನುಗ್ಗಿ, ಸಿಕ್ಕಿದ್ದನ್ನು ದೋಚಿ, ಆಕೆಯನ್ನು ಹೊಡೆದು ಹೋದರು. ಆಸ್ಪತ್ರೆಯಲ್ಲಿ ಆಕೆ ಉಳಿಯಲಿಲ್ಲ. ಆಕೆಯ ಬಿಳಿ ಕೋಟುಗಳನ್ನೆಲ್ಲ ಕತ್ತರಿಯಕ್ಕನೇ ಹೊಲಿದಿದ್ದು. ಸುದ್ದಿ ಕೇಳಿದ ದಿನ ಆಕೆ ಊಟ ಮಾಡಲಿಲ್ಲ. ಊರು ಹೆದರಿತು. ಅದು ಸುಳ್ಳು ಹೆದರಿಕೆಯಲ್ಲ, ಅದನ್ನು ಯಾರೂ ಗೇಲಿ ಮಾಡಬೇಕಾಗಿಲ್ಲ. ಆದರೆ ಹೆದರಿದವರಿಗೆ ಏನು ಕೊಟ್ಟರೂ ಕೈಯೊಡ್ಡುತ್ತಾರೆ ಎಂಬುದು ಪುರಸಭೆಯ ಅಧ್ಯಕ್ಷನಿಗೆ ಚೆನ್ನಾಗಿ ಗೊತ್ತಿತ್ತು. ಕಳ್ಳರನ್ನು ಹಿಡಿಯುವುದು ಬಿಟ್ಟು, ಬೀದಿ ದೀಪ ಹಾಕಿಸುವುದು ಬಿಟ್ಟು, ಅವನು ಒಂದು ನಿಯಮ ತಂದ. ಇನ್ನು ಮುಂದೆ ಪ್ರತಿ ಮನೆಯಲ್ಲೂ ಒಂದು ಬಂದೂಕು ಇರಲೇಬೇಕು.

ಬೇಕೆಂದವರು ಪರವಾನಗಿ ತೆಗೆದುಕೊಂಡು ಇಟ್ಟುಕೊಳ್ಳುವುದು ಮೊದಲಿನಿಂದಲೂ ಇತ್ತು. ಬ್ಯಾಂಕಿನ ಕಾವಲುಗಾರನ ಹತ್ತಿರ ಇತ್ತು, ಊರಾಚೆಯ ತೋಟದವರ ಹತ್ತಿರ ಇತ್ತು, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಈಗ ಬೇಡವೆಂದವರ ಮನೆಗೂ ಪುರಸಭೆಯವರೇ ಪಿಸ್ತೂಲು ತಂದು ಕೊಟ್ಟು, ರುಜು ಹಾಕಿಸಿಕೊಂಡು ಹೋದರು. ಜೊತೆಗೆ ಒಂದು ಕರಪತ್ರ. ಆಪತ್ತಿನ ಹೊತ್ತಿನಲ್ಲಿ ಹುಡುಕಾಡುವಂತಿರಬಾರದು, ಆದ್ದರಿಂದ ಕೈಗೆ ಸುಲಭವಾಗಿ ಸಿಗುವ ಜಾಗದಲ್ಲಿಡಿ ಎಂದು ಅದರಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಮನೆಮನೆಗೆ ಬಂದು ತಪಾಸಣೆ ಮಾಡುತ್ತಾರಂತೆ. ಇಲ್ಲದಿದ್ದವರಿಗೆ ದಂಡ, ಪುರಸಭೆಯ ನೌಕರರಾದರೆ ಕೆಲಸಕ್ಕೇ ಕುತ್ತು.

ಅಂಗಡಿಯಲ್ಲಿ ವಾರವಿಡೀ ಇದೇ ಮಾತು. ಕಬ್ಬಿಣದ ಅಂಗಡಿಯವನು ನಿಯಮದ ಪರ. ಎಲ್ಲರ ಮನೆಯಲ್ಲೂ ಇದೆ ಎಂದು ಗೊತ್ತಾದರೆ ಕಳ್ಳ ಯಾವ ಮನೆಗೂ ಕಾಲಿಡುವುದಿಲ್ಲ ಎಂದು ಅವನ ವಾದ. ಸವೆದ ಕಾಲರು ತಿರುಗಿಸಿ ಹೊಲಿಸಿಕೊಳ್ಳಲು ಶರ್ಟು ತಂದಿದ್ದ ಮೇಷ್ಟ್ರು ಅದನ್ನು ಒಪ್ಪಲಿಲ್ಲ. ಇಟ್ಟುಕೊಳ್ಳುವುದು ಬಿಡುವುದು ಅವರವರ ಇಷ್ಟ, ಬಲವಂತ ಮಾಡಲು ಇವನ್ಯಾರು ಎಂದು ಅವರು ಕೇಳಿದರು. ಇಬ್ಬರ ದನಿಯೂ ಏರಿತು. ಕಾಜಾದವಳು ಅಭ್ಯಾಸದಂತೆ "ಡಬ್ಬ" ಎಂದಳು. ಎಲ್ಲರೂ ಎದ್ದು ಕತ್ತರಿ ಹಾಕಿ ಬಂದರು, ಕತ್ತರಿಯಿಲ್ಲದ ಮೇಷ್ಟ್ರು ಜೇಬಿನ ಪೆನ್ನು ತೆಗೆದು ಹಾಕಿದರು. ಆಮೇಲೆ ಕತ್ತರಿಯಕ್ಕ ಬಾಯಿ ತೆರೆದಳು.

"ನೀವಿಬ್ಬರೂ ಕಳ್ಳನ ವಿಷಯಾನೇ ಮಾತಾಡ್ತಿದ್ದೀರಿ. ಕಳ್ಳ ಬಂದ್ರೆ ಯಾವತ್ತೋ ಒಂದಿನ ಬರ್ತಾನೆ. ಸಿಟ್ಟು ದಿನಾ ಬರುತ್ತಲ್ಲ, ಅದಕ್ಕೇನು ಮಾಡ್ತೀರಿ?"

ಕಬ್ಬಿಣದ ಅಂಗಡಿಯವನು ನಕ್ಕು, ಎಲ್ಲರೂ ನಿನ್ನ ಹಾಗಿರ್ತಾರೇನಕ್ಕ ಎಂದ. ಅದೇ ಆಕೆಗೆ ತಡೆಯಲಾಗದ್ದು. ಎಲ್ಲರೂ ತಮ್ಮನ್ನು ಬಿಟ್ಟು ಬೇರೆಯವರಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದಾರೆ.

ಪುರಸಭೆಯ ಹಾಲಿನಲ್ಲಿ ಸಭೆ ಕರೆದಾಗ ಆಕೆ ಹೋದಳು. ಅಧ್ಯಕ್ಷ ಧೈರ್ಯದ ಬಗ್ಗೆ, ಊರಿನ ಮಾನದ ಬಗ್ಗೆ ದೊಡ್ಡದಾಗಿ ಕೊರೆದ. ಆಕೆ ಎದ್ದು ನಿಂತು, ಮನೆಯೊಳಗಿನವರ ಮೇಲೇ ಕೈ ಎತ್ತಿದರೆ ಯಾರು ಹೊಣೆ ಎಂದು ಕೇಳಿದಳು. ಅವನು ಮುಗುಳ್ನಕ್ಕು, ಅರವತ್ತು ದಾಟಿದವರಿಗೆ ನಿಯಮ ಅನ್ವಯಿಸುವುದಿಲ್ಲ, ಕೈ ನಡುಗುವವರಿಗೆ ನಾವು ತೊಂದರೆ ಕೊಡುವುದಿಲ್ಲಮ್ಮ, ನೀವು ಚಿಂತೆ ಬಿಡಿ ಎಂದ. ಸಭೆಯೆಲ್ಲ ನಕ್ಕಿತು.

"ನನ್ನ ಕೈ ನಡುಗಿದ್ದರೆ ನೀವು ಹಾಕ್ಕೊಂಡಿರೋ ಪ್ಯಾಂಟು ಹಾಗೆ ಕೂರ್ತಿರಲಿಲ್ಲ," ಎಂದಳು. ಸಭೆ ಇನ್ನೂ ಜೋರಾಗಿ ನಕ್ಕಿತು. ಆದರೆ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ನಗಿಸಿದವಳು ಗೆದ್ದಳು ಎಂದುಕೊಂಡು ಜನ ಮನೆಗೆ ಹೋದರು. ಆಕೆ ಮಾತ್ರ ಹಲ್ಲು ಕಚ್ಚಿಕೊಂಡು ಬಂದಳು.

ಅದಾಗಿ ಕೆಲವು ದಿನಗಳಿಗೆ, ಶಾಲೆಯ ಸಮವಸ್ತ್ರದ ಬಟ್ಟೆ ಕೊಟ್ಟುಬರಲು ಮಗಳ ಮನೆಗೆ ಹೋದಳು. ಮಗಳು ಮನೆಯಲ್ಲೇ ಹೊಲಿದು ಶಾಲೆಗೆ ಕೊಟ್ಟುಬರುತ್ತಿದ್ದಳು. ಅವಳು ಒಳಗೆ ಚಹಾ ಮಾಡುತ್ತಿದ್ದಾಗ, ಮಿಷನ್ನಿನ ಮುಂದೆ ಕೂತ ಅಮ್ಮ ಒಂದು ದಾರ ಜೋತಾಡುವುದನ್ನು ಕಂಡಳು. ಕಣ್ಣು ಬಟ್ಟೆಯ ಮೇಲಿತ್ತು, ಕೈ ಬಲಗಡೆಯ ಡ್ರಾಯರಿಗೆ ಹೋಯಿತು. ಸಿಕ್ಕಿದ್ದು ಕತ್ತರಿಯಲ್ಲ. ತಣ್ಣಗೆ, ಭಾರವಾಗಿ, ಕೈಯೊಳಗೆ ಸರಿಯಾಗಿ ಕೂರುವ ಬೇರೆ ಏನೋ.

"ಇದನ್ನ ಇಲ್ಲಿ ಯಾಕಿಟ್ಟಿದ್ದೀಯ?"

ಮಗಳು ಲೋಟ ಹಿಡಿದು ಬಾಗಿಲಲ್ಲಿ ನಿಂತು, ಕೈಗೆ ಸಿಗುವ ಕಡೆ ಇಡಿ ಎಂದು ಅವರೇ ಹೇಳಿದ್ದಾರಲ್ಲ, ನನ್ನ ಕೈಗೆ ಅದಕ್ಕಿಂತ ಚೆನ್ನಾಗಿ ಸಿಗುವ ಜಾಗ ಯಾವುದಿದೆ ಎಂದಳು. ಕತ್ತರಿಯನ್ನು ಗೋಡೆಯ ಶೆಲ್ಫಿಗೆ ಹಾಕಿದ್ದಳಂತೆ. ಅಮ್ಮ ಸಿಡಿದೆದ್ದಳು. ಗುಂಡು ತೆಗೆದು ಅಟ್ಟದ ಮೇಲೆ ಹಾಕು ಎಂದಳು. ಮಗಳೂ ಬಿಡಲಿಲ್ಲ. ರಾತ್ರಿ ಈ ಮನೆಯಲ್ಲಿ ಒಬ್ಬಳೇ ಇರುವವಳು ನಾನು. ನರ್ಸಮ್ಮನ ಬಾಗಿಲಿಗೂ ನನ್ನ ಬಾಗಿಲಿಗೂ ಒಂದೇ ಥರದ ಚಿಲಕ. ಇದು ಬಂದ ಮೇಲೆ ನಾನು ನಿದ್ದೆ ಮಾಡಿದ್ದೇನೆ ಗೊತ್ತಾ ಎಂದು ಕೇಳಿದಳು. ಮಗಳು ನಿದ್ದೆ ಮಾಡಲಿ ಎಂದೇ ಅಮ್ಮನಿಗೂ ಆಸೆ. ಚಹಾ ಕುಡಿಯದೆ ಎದ್ದು ಬಂದಳು.

ದಾರಿಯುದ್ದಕ್ಕೂ ಸಿಟ್ಟೇ ಸಿಟ್ಟು. ಅಧ್ಯಕ್ಷನ ಮೇಲೆ, ಆ ಕರಪತ್ರ ಬರೆದವನ ಮೇಲೆ, ನಕ್ಕ ಸಭೆಯ ಮೇಲೆ. ನನ್ನ ಕೈಗೆ ಅಂದು ಕತ್ತರಿ ಸಿಕ್ಕಿತು, ಗುರಿ ತಪ್ಪಿತು, ಗಂಡ ಆಮೇಲೆ ಎಷ್ಟೋ ವರ್ಷ ನನ್ನ ಜೊತೆ ಬದುಕಿದ. ಅಂದು ಆ ಡ್ರಾಯರಿನಲ್ಲಿ ಇದು ಇದ್ದಿದ್ದರೆ? ಈ ಮಗಳೇ ಹುಟ್ಟುತ್ತಿರಲಿಲ್ಲ. ಊರಿಗೆ ಕಳ್ಳನ ಮುಖ ಗೊತ್ತಿಲ್ಲ, ಆದರೆ ನನಗೆ ನನ್ನ ಮಗಳ ಕೈ ಗೊತ್ತು. ನಾನೇ ಪಳಗಿಸಿದ ಕೈ ಅದು.

ಮರುವಾರ ಅಳಿಯ ಅಂಗಡಿಗೆ ಬಂದ. ಹುಬ್ಬಿನ ಮೇಲೆ ಪ್ಲಾಸ್ಟರು ಅಂಟಿತ್ತು. ಏನಾಯಿತು ಎಂದರೆ ನಕ್ಕ. ಪಾಳಿ ಮುಗಿಸಿ ಬರುವುದು ತಡವಾಗಿತ್ತಂತೆ, ಫೋನು ಎತ್ತಿರಲಿಲ್ಲವಂತೆ, ಅವಳು ಕೈಗೆ ಸಿಕ್ಕ ಸ್ಟೀಲು ಲೋಟ ಬೀಸಿದಳಂತೆ. "ನಿಮ್ಮ ಮಗಳಲ್ವಾ ಅತ್ತೆ, ಅಷ್ಟೂ ಇಲ್ಲದಿದ್ರೆ ಹೇಗೆ?" ಪ್ಯಾಂಟು ಹೊಲಿಯುವವನೂ ನಕ್ಕ. ಕತ್ತರಿಯಕ್ಕನಿಗೆ ನಗು ಬರಲಿಲ್ಲ.

"ಅವಳು ಆಗ ಎಲ್ಲಿದ್ದಳು?"

"ಅಡುಗೆಮನೇಲಿ, ಯಾಕತ್ತೆ?"

ಅಡುಗೆಮನೆಯಲ್ಲಿದ್ದಳು, ಅದಕ್ಕೆ ಲೋಟ ಸಿಕ್ಕಿತು. ಮಿಷನ್ನಿನ ಮುಂದೆ ಇದ್ದಿದ್ದರೆ? ಆಕೆ ಅಳಿಯನ ಮುಖವನ್ನೇ ನೋಡಿದಳು. ಈ ಪಾಪದ ಪ್ರಾಣಿ ಎಲ್ಲಿ ನಿಂತು ನಗುತ್ತಿದ್ದಾನೆ ಎಂಬುದು ಅವನಿಗೇ ತಿಳಿದಿರಲಿಲ್ಲ. ಚೌಕಟ್ಟಿನ ಗಾಯದ ಪಕ್ಕ, ಅದೇ ಎತ್ತರಕ್ಕೆ, ಅವನ ಕಿವಿ ಇತ್ತು.

ಅಳಿಯನಿಗೆ ಹಗಲು ಪಾಳಿಯಿದ್ದು, ಮಗಳು ಹೊಲಿದ ಬಟ್ಟೆ ಕೊಡಲು ಶಾಲೆಗೆ ಹೋಗುವ ದಿನ ನೋಡಿಕೊಂಡು, ತನ್ನ ಹತ್ತಿರವಿದ್ದ ಬೀಗದ ಕೈಯಿಂದ ಬಾಗಿಲು ತೆಗೆದು, ಕತ್ತರಿಯಕ್ಕ ಆ ಡ್ರಾಯರಿನಿಂದ ಪಿಸ್ತೂಲು ತೆಗೆದಳು. ಚೂರು ಬಟ್ಟೆಯಲ್ಲಿ ಸುತ್ತಿ, ಕೈಚೀಲದ ತಳಕ್ಕೆ ಹಾಕಿ, ಮೇಲೆ ಒಂದು ಅಂಗಿ ಮಡಿಸಿಟ್ಟು ನೇರ ಪೊಲೀಸ್ ಠಾಣೆಗೆ ಹೋದಳು. ಕಳ್ಳತನ ಮಾಡಿದ್ದೇನೆ ಎಂದು ಆಕೆಗೆ ಅನಿಸಲೇ ಇಲ್ಲ. ಮಗುವಿನ ಬಾಯಿಂದ ಗುಂಡಿ ತೆಗೆದವರಿಗೆ ಕಳ್ಳತನ ಅನಿಸುತ್ತದೆಯೇ.

ಚೀಲದಿಂದ ಅದನ್ನು ತೆಗೆದು ಮೇಜಿನ ಮೇಲಿಟ್ಟಾಗ ಪೇದೆ ಕುರ್ಚಿಯ ಸಮೇತ ಹಿಂದೆ ಸರಿದ. ಇಡೀ ಊರಿಗೆ ಹಂಚಿದವರು ಒಂದನ್ನು ಕಂಡು ಯಾಕೆ ಹೆದರುತ್ತೀರಿ ಎಂದು ಕೇಳಿದಳು. ಗುಂಡುಗಳನ್ನು ಅವನೇ ಬಿಡಿಸಿ ಪಕ್ಕಕ್ಕಿಟ್ಟ. ಆಮೇಲೆ ಧೈರ್ಯ ಬಂದು ನಿಯಮ ಹೇಳತೊಡಗಿದ. ಮನೆಗೆ ಕೊಟ್ಟದ್ದು ಮನೆಯಲ್ಲೇ ಇರಬೇಕು. ವಾಪಸು ತೆಗೆದುಕೊಳ್ಳಲು ತನಗೆ ಅಧಿಕಾರವಿಲ್ಲ. ನೋಡಿಯೂ ಸುಮ್ಮನಿದ್ದೇನೆ, ಮೊದಲು ಇಲ್ಲಿಂದ ತೆಗೆದುಕೊಂಡು ಹೋಗಿ, ಸೋಮವಾರ ಆ ಬೀದಿಯ ತಪಾಸಣೆ ಇದೆ ಎಂದ.

"ನನ್ನ ಮಗಳಿಗೆ ಸಿಟ್ಟು ಜಾಸ್ತಿ. ಕೈ ಮುಂದೆ, ಬುದ್ಧಿ ಹಿಂದೆ. ಅಂಥವರ ಮನೇಲಿ ಇದು ಬೇಡ ಅಂತ ಬರ್ಕೊಳ್ಳಿ."

ಸಿಟ್ಟು ಯಾರಿಗಿಲ್ಲಮ್ಮ, ಅದಕ್ಕೆಲ್ಲ ವಿನಾಯಿತಿ ಕೊಡೋಕಾಗುತ್ತಾ ಎಂದ ಪೇದೆ. ತನ್ನ ಬಾಯಿಂದ ಏನು ಬಂತು ಎಂದು ಅವನಿಗೆ ಅರಿವಿರಲಿಲ್ಲ. ಸಿಟ್ಟು ಯಾರಿಗಿಲ್ಲ. ಇಷ್ಟು ದಿನ ಆಕೆ ಹೇಳುತ್ತಿದ್ದುದೂ ಅದನ್ನೇ ಅಲ್ಲವೇ. ಪಿಸ್ತೂಲು ಒಂದು ಕಡೆ, ಗುಂಡು ಒಂದು ಕಡೆ ಕಟ್ಟಿಕೊಂಡು ಅಂಗಡಿಗೆ ಬಂದಳು. ಪಿಸ್ತೂಲನ್ನು ಅಂಗಿಯ ಗುಂಡಿಗಳನ್ನಿಡುವ ಕಬ್ಬಿಣದ ಪೆಟ್ಟಿಗೆಗೆ ಹಾಕಿ ಬೀಗ ಜಡಿದಳು. ಗುಂಡುಗಳನ್ನು ಬೇರೆ ಕಡೆ ಬಚ್ಚಿಟ್ಟಳು. ಬೀಗದ ಕೈ ತನ್ನ ಕೊರಳಿಗೆ ಹಾಕಿಕೊಂಡಳು.

ಕದ್ದು ಸುಮ್ಮನೆ ಕೂರುವ ಜಾಯಮಾನ ಆಕೆಯದಲ್ಲ. ಮಗಳ ಮನೆಗೆ ಮತ್ತೆ ಹೋಗಿ, ಅವಳು ಬರುವವರೆಗೂ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕಾದಳು. ಮಗಳು ಬಂದಳು, ಬರುತ್ತಲೇ ಅಮ್ಮನ ಮುಖ ನೋಡಿ ಏನೋ ಆಗಿದೆ ಎಂದುಕೊಂಡು ಮಿಷನ್ನಿನ ಸ್ಟೂಲಿನ ಮೇಲೆ ಕೂತಳು. ಅಮ್ಮ ಹೇಳಿದಳು. ಒಂದು ಮಾತೂ ಮುಚ್ಚಿಡದೆ, ಯಾವಾಗ ಬಂದೆ, ಏನು ತೆಗೆದೆ, ಠಾಣೆಯಲ್ಲಿ ಏನಾಯಿತು, ಎಲ್ಲ. ಎಲ್ಲಿಟ್ಟಿದ್ದೇನೆ ಎಂಬುದೊಂದನ್ನು ಬಿಟ್ಟು.

ಮಗಳು ಉರಿದುಬಿದ್ದಳು. ಆ ಮನೆಯಲ್ಲಿ ಅಷ್ಟು ದೊಡ್ಡ ಜಗಳ ಅದುವರೆಗೆ ಆಗಿರಲಿಲ್ಲ. ಕಳ್ಳರ ಹಾಗೆ ನನ್ನ ಮನೆಗೆ ನುಗ್ಗಲು ನೀನ್ಯಾರು ಎಂದಳು. ಸೋಮವಾರ ತಪಾಸಣೆಗೆ ಬಂದಾಗ ಇಲ್ಲ ಅಂದರೆ ನಮ್ಮವರ ಕೆಲಸ ಹೋಗುತ್ತೆ, ನಿನ್ನ ಅಂಗಡಿಯ ಕಾಜಾ ಹಾಕಿ ನಾವು ಬದುಕಬೇಕಾ ಎಂದಳು. ರಾತ್ರಿ ಯಾರಾದರೂ ಬಾಗಿಲು ಒದ್ದರೆ ನೀನು ಬಂದು ಕಾಯುತ್ತೀಯಾ ಎಂದಳು. ಅಮ್ಮನೂ ಸುಮ್ಮನಿರಲಿಲ್ಲ. ಬಂದು ಕಾಯ್ತೀನಿ, ಇವತ್ತಿಂದಲೇ ಇಲ್ಲೇ ಮಲಗ್ತೀನಿ, ಗಂಡನ ಹುಬ್ಬು ಒಡೆದವಳು ನೀನು, ನಿನ್ನಿಂದ ಅವನನ್ನು ಕಾಯುವವರು ಯಾರು ಎಂದು ಕೂಗಿದಳು. ಆ ಮನೆಯಲ್ಲಿ "ಡಬ್ಬ" ಎನ್ನುವವರು ಯಾರೂ ಇರಲಿಲ್ಲ.

"ನೀನು ಅಪ್ಪನಿಗೆ ಕತ್ತರಿ ಎಸೆದೆ ಅಂತ ನಾನೂ ಹಾಗೇ ಮಾಡ್ತೀನಾ? ನಾನು ನಿನ್ನ ಹಾಗಲ್ಲ, ನಾನು ಯಾವತ್ತೂ..."

ಮಾತು ಅಲ್ಲಿಗೇ ನಿಂತಿತು.

ಮಗಳ ಕಣ್ಣು ಅಮ್ಮನ ಮೇಲಿತ್ತು. ಕೈ ಮಾತ್ರ ಬಲಗಡೆಯ ಡ್ರಾಯರಿನೊಳಗಿತ್ತು. ಅದು ಯಾವಾಗ ಎಳೆದು ತೆರೆಯಿತು, ಯಾವಾಗ ಒಳಗೆ ಹೋಯಿತು ಎಂದು ಇಬ್ಬರಲ್ಲಿ ಒಬ್ಬರೂ ನೋಡಿರಲಿಲ್ಲ. ಬೆರಳುಗಳು ಸೀಮೆಸುಣ್ಣವನ್ನೂ ದಾರದುಂಡೆಯನ್ನೂ ಪಕ್ಕಕ್ಕೆ ತಳ್ಳಿ ತಡಕಾಡುತ್ತಿದ್ದವು. ಮಗಳು ನಿಧಾನವಾಗಿ ತಲೆ ಬಗ್ಗಿಸಿ, ಬೇರೆ ಯಾರದೋ ಕೈಯನ್ನು ನೋಡುವಂತೆ ಅದನ್ನು ನೋಡಿದಳು.

"ಕೈ ಕತ್ತರಿಗೆ ಹೋಯ್ತಮ್ಮ," ಎಂದಳು.

"ಕತ್ತರಿ ಶೆಲ್ಫಲ್ಲಿದೆ," ಎಂದಳು ಅಮ್ಮ. "ನೀನೇ ಇಟ್ಟಿದ್ದು."

ಮಗಳು ಕೈ ಹೊರಗೆ ತೆಗೆದು ಮಡಿಲಲ್ಲಿಟ್ಟುಕೊಂಡು, ಇನ್ನೊಂದು ಕೈಯಿಂದ ಗಟ್ಟಿಯಾಗಿ ಹಿಡಿದು ಕೂತಳು. ಎಲ್ಲರ ಮೇಲೂ ಹಾಯುವ ಬಾಯಿ ಕತ್ತರಿಯಕ್ಕನದು. ಆ ಹೊತ್ತಿನಲ್ಲಿ ಅವಳ ಮೇಲೆ ಹಾಯಲಿಲ್ಲ. ಸಿಟ್ಟೇನೂ ಇಳಿದಿರಲಿಲ್ಲ, ಆದರೆ ಅದು ಈ ಹುಡುಗಿಯ ಮೇಲಿನದಾಗಿರಲಿಲ್ಲ. ಇದನ್ನು ತಂದು ಈ ಕೈಗೆ ಕೊಟ್ಟು, ರುಜು ಹಾಕಿಸಿಕೊಂಡು ಹೋದರಲ್ಲ, ಅವರಲ್ಲಿ ಒಬ್ಬನಾದರೂ ಈಗ ಇಲ್ಲಿ ನಿಂತು ನೋಡಬೇಕಿತ್ತು. ಆಕೆ ಹೋಗಿ ಮಗಳ ಪಕ್ಕದಲ್ಲಿ ನಿಂತಳು. ಸೋಮವಾರ ಯಾರು ಬಂದರೂ ನಾನೇ ಬಾಗಿಲಲ್ಲಿ ನಿಂತು ಮಾತಾಡುತ್ತೇನೆ, ಕದ್ದವಳು ನಾನು ಎಂದೇ ಹೇಳುತ್ತೇನೆ, ಹಿಡಿದುಕೊಂಡು ಹೋಗುವುದಾದರೆ ನನ್ನನ್ನು ಹಿಡಿದುಕೊಂಡು ಹೋಗಲಿ ಎಂದಳು.

ಹೊರಗೆ ಗೇಟಿನ ಸದ್ದಾಯಿತು. ಅಳಿಯ ಸೈಕಲ್ಲು ನಿಲ್ಲಿಸುತ್ತಾ, ಅತ್ತೆಯ ಚಪ್ಪಲಿ ಕಂಡು, ಅತ್ತೆ ಬಂದಿದ್ದೀರಾ, ಊಟ ಮಾಡಿಕೊಂಡೇ ಹೋಗಿ ಎಂದು ಅಂಗಳದಿಂದಲೇ ಕೂಗಿದ. ಅವನ ದನಿ ಕೇಳಿ ಮಗಳು ಡ್ರಾಯರನ್ನು ಮೊಣಕಾಲಿನಿಂದ ತಳ್ಳಿ ಮುಚ್ಚಿದಳು.

"ಎಲ್ಲಿಟ್ಟಿದ್ದೀಯ ಅಂತ ನನಗೆ ಹೇಳಬೇಡಮ್ಮ," ಎಂದಳು. "ನಾನು ಎಷ್ಟು ಕೇಳಿದರೂ ಹೇಳಬೇಡ."